ಹಿಂದಕ್ಕೆ ತುಳಿಯಬೇಡ

ಮಾಘ ಮಾಸದ ಒಂದು ಬುಧವಾರ, ಮಧ್ಯಾಹ್ನ ಒಂದೂಕಾಲು ಗಂಟೆ. ಸ್ಥಳ, ವಿಜಾಪುರದಿಂದ ಟಿಕೋಟಾ ಕಡೆಗೆ ಹೋಗುವ ರಸ್ತೆಯ ಬದಿಗಿದ್ದ ಸೈಕಲ್ ಅಂಗಡಿ. ಹಾಜರಿದ್ದವರು ಇಬ್ಬರು: ಅಂಗಡಿಯಾತ ಮತ್ತು ನಾನು. ಹೈಸ್ಕೂಲಿನ ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಗೆ ಹೋಗಿದ್ದೆ. ಕೈಯಲ್ಲಿ ಜರ್ಮನಿಯಿಂದ ಬಂದ ಪತ್ರವಿತ್ತು. ಲಕೋಟೆಯ ಮೇಲಿನ ಅಕ್ಷರ ಆತನ ತಮ್ಮನದಾಗಿರಲಿಲ್ಲ.

ಇಷ್ಟು ನನ್ನ ಅಂದಿನ ದಿನಚರಿಯಲ್ಲಿದೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಅಂಗಡಿಯಾತ ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಆತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತನ್ನ ಅಂಗಡಿಗೇ ಆತ ಹೆಸರಿನ ಹಲಗೆ ಹಾಕಿರಲಿಲ್ಲ. ಯಾಕೆಂದು ಕೇಳಿದರೆ, “ಪಂಚರ್ ಆದಾಂವ ಹಲಗಿ ಓದ್ಕೋತ ನಿಂದರ್ತಾನೇನ್ರಿ? ಹೊರಗ ಒಂದ ಗಾಲಿ ತೂಗಹಾಕೀನಲ್ಲ, ಸಾಕು” ಎನ್ನುತ್ತಿದ್ದ.

ಸಣ್ಣ ಆಳು. ಮಂಡಿಯವರೆಗೆ ಎತ್ತಿ ಕಟ್ಟಿದ ಧೋತರ, ಎಣ್ಣೆ ಹಿಡಿದು ಮೂಲ ಬಣ್ಣ ಮರೆತ ಟೊಪ್ಪಿಗೆ. ಗಾಲಿಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ನೋಡುತ್ತಿದ್ದ. ಸೈಕಲ್ಲನ್ನು ತಲೆಕೆಳಗು ಮಾಡಿ ಗಾಲಿ ತಿರುಗಿಸಿ, ಮುಖ ಪಕ್ಕಕ್ಕೆ ತಿರುವಿ ಕೂತು, “ಎರಡ ಕಡ್ಡಿ ಸಡ್ಲ ಆಗ್ಯಾವ” ಎಂದರೆ ಎರಡೇ ಸಡಿಲಾಗಿರುತ್ತಿದ್ದವು. ಬಾಡಿಗೆಗೆ ಸೈಕಲ್ ಕೇಳಿ ಬಂದವರ ಕಾಲಿನ ಉದ್ದ ನೋಡಿ ಸೀಟು ಏರಿಸಿಯೋ ಇಳಿಸಿಯೋ ಕೊಡುತ್ತಿದ್ದ. ಟಿಕೋಟಾಕ್ಕೆ ಹೋಗುವವರಿಗೆ ಒಂದು ಪ್ರಶ್ನೆ ಹೆಚ್ಚು: “ಉಂಡೀಯಿಲ್ಲೋ? ಎದುರ ಗಾಳಿ ಐತಿ ಮತ್ತ. ನಡುದಾರ್‍ಯಾಗ ಕಣ್ಣಿಗೆ ಕತ್ತಲಿ ಬಂದ್ರ ನನ್ನ ಸೈಕಲ್ ಯಾರ ತರಬೇಕು?” ಉಣ್ಣದವನನ್ನು ಕಳಿಸುತ್ತಿರಲಿಲ್ಲ.

ನಾನು ಇಂಗ್ಲಿಷ್ ಮಾಸ್ತರ. ಶನಿವಾರ ನಾಲ್ಕು ಗಂಟೆಗೆ ನನ್ನ ಸೈಕಲ್ ಅಲ್ಲಿ ಎಣ್ಣೆ ಕಾಣುತ್ತಿತ್ತು. ಪರಿಚಯ ಬೆಳೆದದ್ದು ಹಾಗೆ. ಆತನಿಗೆ ಅಂಕಿ ಬರುತ್ತಿದ್ದವು, ಅಕ್ಷರ ಬರುತ್ತಿರಲಿಲ್ಲ. ತಂದೆ ಬೇಗ ತೀರಿಕೊಂಡಿದ್ದರಿಂದ ಹನ್ನೆರಡು ವರ್ಷ ಸಣ್ಣವನಾದ ತಮ್ಮನನ್ನು ಆತನೇ ಬೆಳೆಸಿ ಓದಿಸಿದ್ದ. ತಾಯಿ ಬಬಲೇಶ್ವರದಲ್ಲಿ ತನ್ನ ತವರಿನವರೊಡನೆ ಇದ್ದಳು. ತಮ್ಮ ಬೇರೆ ಊರಿನ ಎಂಜಿನ್ ಕಾರ್ಖಾನೆಯೊಂದರಲ್ಲಿ ಫಿಟರ್ ಆದ. ಕೈಕೆಲಸ ಚೊಕ್ಕ ಎಂದು ಕಾರ್ಖಾನೆಯವರು ಅವನನ್ನು ಎರಡು ವರ್ಷದ ತರಬೇತಿಗೆ ಜರ್ಮನಿಯ ಮ್ಯೂನಿಕ್ ಪಟ್ಟಣಕ್ಕೆ ಕಳಿಸಿದರು.

ಅಂದಿನಿಂದ ಪತ್ರಗಳು ನನ್ನ ವಿಳಾಸಕ್ಕೆ ಬರತೊಡಗಿದವು. ಬಂದ ದಿನವೇ ಓದಿ ಹೇಳುತ್ತಿದ್ದೆ. ಉತ್ತರ ಬರೆಯುವುದಕ್ಕೆ ಮಾತ್ರ ವೇಳೆ ಗೊತ್ತುಮಾಡಿದ್ದೆ: ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಎಂಟೂಕಾಲರವರೆಗೆ, ನಮ್ಮ ಪಡಸಾಲೆಯಲ್ಲಿ. ಬಂದ ಪತ್ರಗಳನ್ನು ತಾರೀಖಿನ ಪ್ರಕಾರ ತಗಡಿನ ಪೆಟ್ಟಿಗೆಯಲ್ಲಿ ನಾನೇ ಇಡುತ್ತಿದ್ದೆ. ಅಂಗಡಿಯಲ್ಲಿಟ್ಟರೆ ಎಣ್ಣೆಯಾಗುತ್ತವೆ ಎಂದು ನನ್ನ ವಾದ. ಆತ ಒಪ್ಪಿಕೊಂಡ. ಆತ ಯಾವುದಕ್ಕೂ ವಾದಿಸುತ್ತಿರಲಿಲ್ಲ. “ಹೂಂ, ಹಂಗ ಆಗ್ಲಿ” ಎನ್ನುವುದು ಆತನ ಉತ್ತರ.

ತಮ್ಮನು ಊಟದ ಬಗ್ಗೆ ಎರಡು ಸಾಲು, ಚಳಿಯ ಬಗ್ಗೆ ಎರಡು ಸಾಲು ಬರೆದರೆ, ಓಡಾಟದ ಬಗ್ಗೆ ಒಂದು ಪುಟ ಬರೆಯುತ್ತಿದ್ದ. ಅಣ್ಣನಿಗೆ ಬೇಕಾದದ್ದು ಅದು ಎಂದು ಅವನಿಗೆ ಗೊತ್ತಿತ್ತು. ಮನೆಯಿಂದ ನಡೆದು ಟ್ರಾಮಿನ ನಿಲ್ದಾಣ. ಆರನೇ ನಂಬರಿನ ಟ್ರಾಮು. ದೊಡ್ಡ ಚೌಕದಲ್ಲಿ ಇಳಿದು ಇನ್ನೊಂದು ಟ್ರಾಮು. ಮೊದಲಿನ ಚೀಟಿಯೇ ಅದಕ್ಕೂ ನಡೆಯುತ್ತದೆ. ನದಿಯ ಸೇತುವೆ, ಅದರ ಆಚೆ ಕಾರ್ಖಾನೆ. ಅಂಗಡಿಯಾತ ಇದನ್ನೆಲ್ಲ ಸೀಮೆಸುಣ್ಣದಿಂದ ಅಂಗಡಿಯ ಕಲ್ಲುಹಾಸಿನ ಮೇಲೆ ಬರೆದುಕೊಂಡಿದ್ದ. ಅಕ್ಷರವಿಲ್ಲ, ಬರೀ ಗೆರೆ ಮತ್ತು ಅಂಕಿ. ಪ್ರತಿ ಪತ್ರಕ್ಕೂ ಒಂದು ಓಣಿ ಕೂಡುತ್ತಿತ್ತು. “ಮನಿಯಿಂದ ಚೌಕಕ್ಕ ನಮ್ಮ ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾದಷ್ಟ ದೂರ ಆತ್ರಿ” ಎಂದು ನನಗೆ ತಿಳಿಸಿ ಹೇಳುತ್ತಿದ್ದ. ಪಂಚರ್ ತಿದ್ದಿಸಲು ಬಂದವರು ಗೆರೆ ತುಳಿದರೆ, “ಏ, ನದ್ಯಾಗ ಕಾಲ ಇಟ್ಟಿ ನೋಡು, ಈಚೆಗ ಬಾ” ಎನ್ನುತ್ತಿದ್ದ.

ಹೊನವಾಡದ ರೈತನೊಬ್ಬ ಬಂದಾಗಲೆಲ್ಲ ಕಾಡುತ್ತಿದ್ದ. “ಯಣ್ಣಾ, ಮ್ಯೂನಿಕ್ ಗಾಡಿ ಎಷ್ಟಕ್ಕ ಬಿಡತೈತಿ?”

“ಮುಂಜಾನಿ ಆರಕ್ಕ ಹತ್ತ ನಿಮಿಷ ಕಮ್ಮಿ. ನೀ ಎದ್ದಿರೂದಿಲ್ಲ ತಗೀ.”

“ನಿಂದರಸ್ತಾರೇನು ಸ್ವಲ್ಪ, ಕೈ ಮಾಡಿದ್ರ?”

“ನಿಂದರಸೂದಿಲ್ಲ. ನಿನ್ನ ಮಾವ ಬಂದ್ರೂ ನಿಂದರಸೂದಿಲ್ಲ.”

ವಾರಕ್ಕೊಮ್ಮೆ, ಶನಿವಾರ ಮುಂಜಾನೆ, ಆತ ಬಸ್ಸಿನಲ್ಲಿ ಟಿಕೋಟಾಕ್ಕೆ ಹೋಗಿ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಸೈಕಲ್ ರಿಪೇರಿ ಮಾಡಿ, ಮಧ್ಯಾಹ್ನಕ್ಕೆ ಮರಳುತ್ತಿದ್ದ. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಆತ ಕಂಡಕ್ಟರನಿಗೆ ಟ್ರಾಮಿನ ಸಂಗತಿ ಹೇಳುತ್ತಿದ್ದ. “ಅಲ್ಲಿ ಕಂಡಕ್ಟರ ಕುಂತ ಇರ್ತಾನಂತ. ಮಂದೀನ ಹಿಂದಿನ ಬಾಗಲದಾಗ ಹತ್ತಿ ಅವನ ಮುಂದ ಹಾದು ಹೋಗ್ತಾರಂತ.” ಜನರ ನಡುವೆ ಸಿಕ್ಕಿಕೊಂಡಿದ್ದ ಕಂಡಕ್ಟರ, “ನಾ ಇಲ್ಲಿ ಕುಂತ್ರ ನನ್ನ ತೊಡಿ ಮ್ಯಾಲ ನಾಕ ಮಂದಿ ಕುಂದರ್ತಾರ್ರಿ” ಎಂದ. ಮತ್ತೆ ಕೇಳಿದ: “ಅಲ್ಲಿ ಆಡ ಹತ್ತಸ್ತಾರೇನ್ರಿ?” “ಆಡ ಇಲ್ಲ. ನಾಯಿ ಹತ್ತಸ್ತಾರಂತ.” “ನಾಯಿ! ಕುಂದ್ರಾಕ ಜಾಗಾನೂ ಕೊಡ್ತಾರೇನು?” ಇಡೀ ಬಸ್ಸು ನಕ್ಕಿತು. ಆತನೂ ನಕ್ಕ. ಆದರೆ ತಮ್ಮ ಬರೆದದ್ದು ಸುಳ್ಳಲ್ಲ ಎಂದು ಇಳಿಯುವಾಗ ಕಂಡಕ್ಟರನಿಗೆ ಇನ್ನೊಮ್ಮೆ ಹೇಳಿದ.

ಈಗ ಫೋಟೋದ ವಿಷಯ.

ಆ ಬುಧವಾರಕ್ಕೆ ಮೂರು ವಾರ ಮೊದಲು, ಇನ್ನೊಂದು ಬುಧವಾರ, ತಮ್ಮನ ಪತ್ರ ಬಂದಿತ್ತು. ಒಳಗೊಂದು ಫೋಟೋ ಇತ್ತು. ಪತ್ರದ ಸಾರ ಇಷ್ಟು: ವಾಸದ ಕೋಣೆ ಬದಲಾಗಿದೆ. ಇನ್ನು ಮೂರು ವಾರಕ್ಕೆ ಬೆಳಗಿನ ಪಾಳಿ ಶುರು. ಹೊಸ ಕೋಣೆಯಿಂದ ಮೊದಲ ಟ್ರಾಮು ಹಿಡಿದರೂ ವೇಳೆಗೆ ಮುಟ್ಟುವುದಿಲ್ಲ. ಅದಕ್ಕೆ ಹಳೆಯ ಸೈಕಲ್ಲೊಂದನ್ನು ಕೊಂಡಿದ್ದೇನೆ. ಸದ್ಯ ಹಿಮವಿದೆ, ಇನ್ನೂ ಹತ್ತಿಲ್ಲ. ಪಾಳಿ ಶುರುವಾದ ದಿನದಿಂದ ಹತ್ತುತ್ತೇನೆ. ಅಣ್ಣನಿಗೆ ಸೈಕಲ್ ತೋರಿಸಲೆಂದು ಫೋಟೋ ತೆಗೆಸಿದ್ದೇನೆ.

ಫೋಟೋದಲ್ಲಿ ಉದ್ದ ಕೋಟು ತೊಟ್ಟ ತಮ್ಮ ಸೈಕಲ್ ಹಿಡಿದು ನಿಂತಿದ್ದ. ಹಿಂದೆ ಟ್ರಾಮಿನ ಹಳಿ. ಅಂಗಡಿಯಾತ ತಮ್ಮನ ಮುಖ ನೋಡಿದ್ದು ಒಂದು ಕ್ಷಣ. ಸೈಕಲ್ ನೋಡಿದ್ದು ಬಹಳ ಹೊತ್ತು. “ಹಿಂದಿನ ಗಾಲಿಗೆ ಬ್ರೇಕಿನ ಕಡ್ಡೀನ ಇಲ್ಲಲ್ರಿ” ಎಂದ. ಫೋಟೋವನ್ನು ಮಾತ್ರ ಕೇಳಿ ತನ್ನಲ್ಲೇ ಇಟ್ಟುಕೊಂಡ.

ಮರುದಿನ, ಗುರುವಾರ, ಸಂಜೆ ಆರು ಗಂಟೆಗೆ ಮನೆಗೆ ಬಂದ. ನಾನು ಪರೀಕ್ಷೆಯ ಕಾಗದ ತಿದ್ದುತ್ತಿದ್ದೆ.

“ಮಾಸ್ತರ್ರ, ತಮ್ಮಗ ಒಂದ ಸಾಲ ಬರೀಬೇಕಾಗಿತ್ರಿ.”

“ಸೋಮವಾರ ಬರ್ತೀಯಲ್ಲ?”

“ಬ್ರೇಕಿನ ಸಂಗತ್ರಿ.”

“ಅವಸರ ಏನೈತಿ?”

“ಅವಸರ ಅಂತ ಅಲ್ರಿ...” ಎಂದು ಬಾಗಿಲಿನ ಚೌಕಟ್ಟನ್ನು ಉಗುರಿನಿಂದ ಕೆರೆದ. “ಹೂಂ, ಹಂಗ ಆಗ್ಲಿ. ಸೋಮವಾರ ಬರ್ತೇನಿ.”

ಸೈಕಲ್ ಬಗ್ಗೆ ಆತ ಯಾವಾಗಲೂ ಏನಾದರೂ ಬರೆಸುತ್ತಲೇ ಇದ್ದ. ಇದೂ ಅಂಥದ್ದೇ ಎಂದುಕೊಂಡು ನಾನು ಕಾಗದ ತಿದ್ದಿದೆ.

ಸೋಮವಾರ ಏಳೂವರೆಗೆ ಸರಿಯಾಗಿ ಬಂದ. ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಿಚಿದ ಕಾಗದವೊಂದನ್ನು ತೆಗೆದ. ಶನಿವಾರ ಟಿಕೋಟಾದಲ್ಲಿ ರಿಪೇರಿಗೆ ಬಂದ ಒಬ್ಬರಿಂದ ಬರೆಸಿದ್ದನಂತೆ. ಬರೆದವರು ಮ್ಯೂನಿಕ್ಕಿನ ವಿಳಾಸ ಕೇಳಿದರೆ ಆತನಲ್ಲಿ ವಿಳಾಸವಿರಲಿಲ್ಲ. ಲಕೋಟೆಗಳೆಲ್ಲ ನನ್ನ ಪೆಟ್ಟಿಗೆಯಲ್ಲಿದ್ದವು. ಆರನೇ ನಂಬರಿನ ಟ್ರಾಮು, ಸೇತುವೆ, ಚೌಕ, ಎಲ್ಲ ಹೇಳಿದನಂತೆ. “ದಾರಿ ಅಷ್ಟೂ ಹೇಳಿದ್ನಿರಿ. ಅದು ನಡಿಯೂದಿಲ್ಲ, ಮನಿ ನಂಬರ ಬೇಕಂದ್ರು.” ಶನಿವಾರ ನಾಲ್ಕು ಗಂಟೆಗೆ ನನ್ನ ಸೈಕಲ್ಲಿಗೆ ಎಣ್ಣೆ ಹಾಕಿದಾಗಲೂ ಆ ಕಾಗದ ಆತನ ಕಿಸೆಯಲ್ಲೇ ಇತ್ತು. ನಾನು ಹೇಳಿದ್ದು ಸೋಮವಾರವಾದ್ದರಿಂದ ಆತ ಸೋಮವಾರದವರೆಗೆ ತಡೆದಿದ್ದ.

ಆಮೇಲೆ ಆತ ವಿಷಯ ಹೇಳಿದ. ಅಂಥ ಸೈಕಲ್ಲಿಗೆ ಹಿಂದಿನ ಬ್ರೇಕು ಗಾಲಿಯ ನಡುವಿನ ಗುಂಬದೊಳಗೇ ಇರುತ್ತದೆ. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಿಂದೊಮ್ಮೆ ಸರ್ವೆ ಸಾಹೇಬರೊಬ್ಬರು ಅಂಥದ್ದನ್ನು ರಿಪೇರಿಗೆ ತಂದಿದ್ದರು. ತಿದ್ದಿ, ಹತ್ತಿ ನೋಡಲು ಹೋಗಿ, ಆತ ನಡುರಸ್ತೆಯಲ್ಲಿ ಸಾಹೇಬರ ಮುಂದೆಯೇ ಬಿದ್ದಿದ್ದ.

“ಗೊತ್ತಿದ್ದೂ ನಾನ ಬಿದ್ನಿರಿ. ನಮ್ಮ ಕಾಲು ಸುಮ್ಮಿರೂದಿಲ್ಲ.”

ನಮ್ಮ ಕಡೆ ಹುಡುಗರು ದೊಡ್ಡವರ ಸೈಕಲ್ಲಿನಲ್ಲೇ ಕಲಿಯುವುದು. ಸೀಟು ಎಟುಕುವುದಿಲ್ಲ. ನಡುವಿನ ಕಂಬಿಯ ಕೆಳಗೆ ಕಾಲು ತೂರಿಸಿ, ಪೆಡಲನ್ನು ಅರ್ಧ ಸುತ್ತು ತುಳಿದು, ಹಿಂದಕ್ಕೆ ತಂದು, ಮತ್ತೆ ಅರ್ಧ ಸುತ್ತು. ಪೂರ್ತಿ ಸುತ್ತಿಗೆ ಕಾಲು ಸಾಲುವುದಿಲ್ಲ. ದೊಡ್ಡವರಾದ ಮೇಲೂ ತಿರುವು ಬಂದಾಗ, ನಿಲ್ಲುವಾಗ, ಪೆಡಲನ್ನು ಹಿಂದಕ್ಕೆ ತಿರುಗಿಸುವ ರೂಢಿ ಕಾಲಿಗೆ ಅಂಟಿಯೇ ಇರುತ್ತದೆ. ತಮ್ಮನಿಗೆ ಇದನ್ನು ಕಲಿಸಿದವನು ಈತನೇ. “ಅರ್ಧ ತುಳಿ, ಹಿಂದಕ ತಾ, ಮತ್ತ ತುಳಿ ಅಂತ ನಾನ ಓಡಿಕೋತ ಕಲಿಸೇನ್ರಿ. ಈಗ ಮರೀಬೇಕಂತ ಬರೀರಿ.”

ಟಿಕೋಟಾದ ಕಾಗದದಲ್ಲಿ ಅದೇ ಇತ್ತು, ತಪ್ಪು ಕಾಗುಣಿತದಲ್ಲಿ. ನಾನು ನೀಲಿ ವಿಮಾನ ಪತ್ರದಲ್ಲಿ ಚೊಕ್ಕವಾಗಿ ಬರೆದೆ. ಮೊದಲ ಸಾಲು: ಹಿಂದಕ್ಕೆ ತುಳಿಯಬೇಡ. ಎಂಟೂಕಾಲಕ್ಕೆ ಮುಗಿಯಿತು. ಆ ದಿನವೇ ಟಪಾಲಿಗೆ ಹಾಕಿದೆ.

ಈಗ ಮೊದಲು ಹೇಳಿದ ಬುಧವಾರಕ್ಕೆ ಬರುತ್ತೇನೆ.

ಅಂಗಡಿಯಲ್ಲಿ ನಾನು ಲಕೋಟೆ ಒಡೆದೆ. ತಮ್ಮನ ಮನೆಯೊಡತಿ ಇಂಗ್ಲಿಷ್ ಬಲ್ಲ ಯಾರಿಂದಲೋ ಬರೆಸಿದ ಪತ್ರ. ಆತ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು ನಿಂತ. ನಾನು ಓದುತ್ತ ಕನ್ನಡದಲ್ಲಿ ಹೇಳಿದೆ. ಬೆಳಗಿನ ಪಾಳಿಯ ಮೊದಲ ದಿನ. ಟ್ರಾಮಿನ ಹಳಿ ಸೇತುವೆಯ ಕಡೆಗೆ ತಿರುಗುವ ಜಾಗ. ಪೆಡಲನ್ನು ಹಿಂದಕ್ಕೆ ತಿರುಗಿಸಿದೆ ಎಂದು ಅವನೇ ಹೇಳಿದನಂತೆ. ಗಾಲಿ ಕಚ್ಚಿ, ಹಿಮದಲ್ಲಿ ಜಾರಿ ಹಳಿಯ ಮೇಲೆ ಬಿದ್ದ. ಹಿಂದೆ ಬರುತ್ತಿದ್ದ ಟ್ರಾಮು ನಿಂತಿತು. ಬಲಗೈ ಮೊಣಕೈಯ ಹತ್ತಿರ ಎರಡು ಕಡೆ ಮುರಿದಿದೆ. ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಅಪಾಯವಿಲ್ಲ. ನೀವು ಬರೆದ ಪತ್ರ ಬಂತು, ಅವನ ಹಾಸಿಗೆಯ ಪಕ್ಕದಲ್ಲಿ ಇಟ್ಟಿದ್ದೇನೆ.

“ಯಾವ ವಾರ ಬಿದ್ದಾನ್ರಿ?”

“ಸೋಮವಾರ.”

“ನಮ್ಮ ಪತ್ರ ಎಂದ ಮುಟ್ಟೇತಿ?”

“ಮಂಗಳವಾರ.”

ಆತ ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸಿದ. ನಾನೂ ಮನಸ್ಸಿನಲ್ಲಿ ಎಣಿಸಿದ್ದೆ. ಗುರುವಾರ ಸಂಜೆ ಬರೆದಿದ್ದರೆ ಪತ್ರ ಶುಕ್ರವಾರ ಹೊರಟು ಶನಿವಾರವೇ ಅವನ ಕೈಯಲ್ಲಿರುತ್ತಿತ್ತು.

“ನಾ ಅವತ್ತ ಪತ್ರ ಬರದಿದ್ರ...” ಎಂದೆ.

“ವಿಮಾನ ತಡಾ ಮಾಡಿರಬೇಕ್ರಿ” ಎಂದ ಆತ, ನನ್ನ ಮಾತು ಮುಗಿಯುವ ಮೊದಲೇ. “ಹಿಮದಾಗ ಅದರೇನ ಹಾರೀತು ಪಾಪ.”

ವಿಮಾನ ತಡ ಮಾಡಿರಲಿಲ್ಲ. ಎಂಟು ದಿನಕ್ಕೆ ಮುಟ್ಟುವ ಪತ್ರ ಎಂಟನೆಯ ದಿನಕ್ಕೇ ಮುಟ್ಟಿತ್ತು. ಅದು ಆತನಿಗೂ ಗೊತ್ತು, ನನಗೂ ಗೊತ್ತು. ಮುಂದೆ ನಾವು ಕೂಡಿ ಕಳೆದ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಆತ ಆ ಗುರುವಾರದ ಮಾತೆತ್ತಲಿಲ್ಲ. ಬೈದಿದ್ದರೆ ನಾನು ತಪ್ಪೊಪ್ಪಿಕೊಳ್ಳಬಹುದಿತ್ತು. ಆತ ಅದಕ್ಕೆ ಎಡೆ ಕೊಡಲಿಲ್ಲ. ಸೋಮವಾರದ ವೇಳೆಯನ್ನು ನಾನು ತೆಗೆದುಹಾಕಿದೆ. ಆದರೂ ಆತ ಸೋಮವಾರವೇ ಬರುತ್ತಿದ್ದ.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಮ್ಮನು ತರಬೇತಿ ಮುಗಿಸದೆ ಮರಳಿದ. ಮೊಣಕೈ ಪೂರ್ತಿ ಮಡಿಚುತ್ತಿರಲಿಲ್ಲ. ಯಂತ್ರದ ಮೇಲಿನ ಕೆಲಸ ಹೋಗಿ, ಅದೇ ಕಾರ್ಖಾನೆಯ ಸಾಮಾನಿನ ಕೋಣೆಯಲ್ಲಿ ಕೆಲಸ ಸಿಕ್ಕಿತು. ಸಂಸಾರವಾಯಿತು, ಮಕ್ಕಳಾದವು. ದುಃಖದ ಕಥೆ ಎಂದು ಹೇಳುವ ಹಾಗಿಲ್ಲ. ಆದರೆ ಅಂಗಡಿಯಾತ ಆಮೇಲೆ ಯಾರಿಗೂ ಸೈಕಲ್ ಹೊಡೆಯಲು ಕಲಿಸಲಿಲ್ಲ. ಕೇಳಿ ಬಂದವರಿಗೆ, “ನನಗ ಕಲಸಾಕ ಬರೂದಿಲ್ಲ, ತಿದ್ದಾಕಷ್ಟ ಬರತೈತಿ” ಎನ್ನುತ್ತಿದ್ದ. ನೆಲದ ಮೇಲಿನ ಗೆರೆಗಳನ್ನು ಒರೆಸಲಿಲ್ಲ. ಹೊಸದಾಗಿ ಬರೆಯಲೂ ಇಲ್ಲ. ಜನರ ಕಾಲಿಗೆ ತಾವಾಗಿಯೇ ಅಳಿಸಿದವು.

ಆ ದಿನ ಅಂಗಡಿಯಲ್ಲಿ ಆತ ಕೊನೆಗೆ ಕೇಳಿದ್ದು: “ಅವ್ವಗ ಹೇಳಬೇಕಲ್ರಿ. ನೀವೂ ಬರ್ತೀರೇನು?” ಸೇವೆಗೆ ಸೇರಿದ ಮೇಲೆ ಮೊದಲ ಬಾರಿಗೆ ನಾನು ಅರ್ಧ ದಿನದ ರಜೆ ಬರೆದುಕೊಟ್ಟೆ. ಟಪಾಲು ಕಚೇರಿಯಲ್ಲಿ ಒಂದು ವಿಮಾನ ಪತ್ರ ತೆಗೆದುಕೊಂಡು ಕಿಸೆಯಲ್ಲಿಟ್ಟೆ. ಎರಡು ಗಂಟೆಯ ಬಸ್ಸಿಗೆ ಬಬಲೇಶ್ವರಕ್ಕೆ ಹೊರಟೆವು. ದಾರಿಯುದ್ದಕ್ಕೂ ಆತ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದ. ಒಮ್ಮೆ ಮಾತ್ರ ಬಾಯಿಬಿಟ್ಟ. “ಆ ತಿರುವು ನನಗ ಗೊತ್ತೈತ್ರಿ. ಚೌಕ ದಾಟಿ ಎಡಕ್ಕ.”

ತಾಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮಗನ ಜೊತೆ ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

“ಸಾಲಿ ಬಿಟ್ಟ ಬಂದೀರಂದ್ರ ಏನೋ ಆಗೇತಿ. ಹೇಳ್ರಿ ಮಾಸ್ತರ್ರ.”

“ಆರಾಮದಾನ ಯವ್ವಾ” ಎಂದ ಮಗ. “ಸೈಕಲ್ ಮ್ಯಾಲಿಂದ ಸ್ವಲ್ಪ ಬಿದ್ದಾನಂತ.”

“ಸ್ವಲ್ಪ ಬಿದ್ದಿದ್ರ ಇಬ್ಬರೂ ಬರ್ತಿದ್ದಿರೇನು?” ಮಗನ ಮುಖ ನೋಡಿದಳು. “ಸಣ್ಣಾಂವ ಇದ್ದಾಗ ನೀ ಹಿಂದ ಓಡಿ ಹಿಡಕೋತಿದ್ದಿ. ಅಲ್ಲಿ ಯಾರ ಹಿಡೀಬೇಕು. ಏನ ಮುರದೇತಿ?”

“ಕೈ.”

“ಯಾವ ಕೈ?”

“ಬಲಗೈ ಯವ್ವಾ.”

ಅವಳು ಅಳಲಿಲ್ಲ. ಮೊರದಲ್ಲಿದ್ದ ಜೋಳವನ್ನು ಚೀಲಕ್ಕೆ ಸುರಿದಳು. ಆಮೇಲೆ ಕೇಳಿದಳು: “ಹಂಗಾರ ಹೆಂಗ ಉಣ್ತಾನ?”

ಈ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವಳೇ ಹೇಳಿದಳು. ಸಣ್ಣ ಮಗ ಏಳು ವರ್ಷದವನಿದ್ದಾಗ ಬಲಗೈಗೆ ಕುರುವಾಗಿತ್ತಂತೆ. ಎಡಗೈ ತಾಟಿಗೆ ಹಾಕಬಾರದೆಂದು ಅವಳೇ ಹೊಡೆದು ಕಲಿಸಿದ್ದಳು. ಅದಕ್ಕೇ ಇಡೀ ದಿನ ಉಣ್ಣದೆ ಕೂತಿದ್ದನಂತೆ, ಹೊಲದಿಂದ ಅವಳು ಬಂದು ತುತ್ತು ಹಾಕುವವರೆಗೆ. ಬೇರೆಯವರ ಕೈಯಿಂದ ಉಣ್ಣಲು ನಾಚಿಕೆ.

ಆ ದೇಶದವರು ಚಮಚೆ, ಮುಳ್ಳುಗಳಿಂದ ಉಣ್ಣುತ್ತಾರೆ, ಎಡಗೈಯಲ್ಲೂ ಹಿಡಿಯುತ್ತಾರೆ ಎಂದು ನಾನು ಸಮಾಧಾನ ಹೇಳಿದೆ.

“ಅವ್ರ ಹಿಡೀಲಿ ಮಾಸ್ತರ್ರ. ಇಂವ ಹಿಡಿಯೂದಿಲ್ಲ. ನಾ ಹೇಳಿದ್ರ ಹಿಡೀತಾನ. ಬರೀತೀರೇನು?”

ಅಲ್ಲಿಯೇ ಕಟ್ಟೆಯ ಮೇಲೆ ಕೂತು ನೀಲಿ ಕಾಗದ ಬಿಚ್ಚಿದೆ. ಅವಳು ಹೇಳಿದಂತೆ ಬರೆದೆ, ಒಂದು ಅಕ್ಷರವನ್ನೂ ತಿದ್ದಲಿಲ್ಲ: “ಎಡಗೈಲೆ ಉಣ್ಣಪಾ. ಅಡ್ಡಿಲ್ಲ. ದೇವರ ಸಿಟ್ಟಾಗೂದಿಲ್ಲ, ನಾನೂ ಸಿಟ್ಟಾಗೂದಿಲ್ಲ. ಅವ್ವ ಹೇಳ್ಯಾಳ ಅಂತ ಉಣ್ಣು.” ಮಗ ಪಕ್ಕದಲ್ಲಿ ನಿಂತು, “ಇನ್ನೊಮ್ಮೆ ಓದ್ರಿ” ಎಂದ. ಓದಿದೆ. ನಿನ್ನದೇನು ಬರೆಯಲಿ ಎಂದು ನಾನು ಕೇಳಿದರೆ ತಲೆಯಲ್ಲಾಡಿಸಿದ. “ಇಷ್ಟ ಇರ್ಲಿ. ಬ್ಯಾರೆ ಬರದ್ರ ಇದು ಸಣ್ಣದಾಗತೈತಿ.”

ಮನೆಯೊಡತಿಯ ಲಕೋಟೆ ನೋಡಿ ವಿಳಾಸ ಬರೆದು ಅಂಟಿಸಿದೆ. ನಾಲ್ಕೂವರೆಯ ಬಸ್ಸು ಹಿಡಿದು ಆರಕ್ಕೆ ಹತ್ತು ನಿಮಿಷವಿರುವಾಗ ವಿಜಾಪುರ ಮುಟ್ಟಿದೆವು. ಊರೊಳಗಿನ ಡಬ್ಬಿಗಳ ಟಪಾಲು ಆಗಲೇ ತೆಗೆದಾಗಿತ್ತು. ನೇರವಾಗಿ ರೈಲು ನಿಲ್ದಾಣಕ್ಕೆ ನಡೆದೆವು. ಅಲ್ಲಿನ ಟಪಾಲು ಕೋಣೆಯಲ್ಲಿ ಸಂಜೆಯ ಚೀಲ ಇನ್ನೂ ತೆರೆದಿತ್ತು. ಆತ ಪತ್ರವನ್ನು ತನ್ನ ಕೈಯಿಂದಲೇ ಗುಮಾಸ್ತನಿಗೆ ಕೊಟ್ಟ.

“ಎಂದ ಮುಟ್ಟತೈತ್ರಿ?” ಎಂದು ನನ್ನನ್ನು ಕೇಳಿದ.

“ಎಂಟು ದಿನ.”

“ಅಲ್ಲೀತನಕ ಹೆಂಗ ಉಣ್ತಾನ್ರಿ?”

ಮನೆಗೆ ಹೋಗೋಣ ಎಂದೆ. ಚೀಲ ಮುಚ್ಚುವುದನ್ನು ನೋಡದೆ ಆತ ಕದಲಲಿಲ್ಲ, ನಾನೂ ನಿಂತೆ. ಗುಮಾಸ್ತ ಪತ್ರಗಳನ್ನು ಕಟ್ಟಿ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಅರಗು ಕಾಸಿ ಮುದ್ರೆ ಒತ್ತಿದ. ಆಗ ಗಂಟೆ ಆರು ಇಪ್ಪತ್ತು.